ಗ್ರಹಗಳ ಗಾತ್ರ: ತ್ರಿಲೋಕಸಾರದಿಂದ ದೂರದರ್ಶಕದವರೆಗೆ

ಜೈನ ಕರಣಾನುಯೋಗ ಗ್ರಂಥಗಳನ್ನು ಸಾಹಿತ್ಯದ ವಿದ್ಯಾರ್ಥಿಗಳು ಓದುವುದು ವಿರಳ. ಓದಿದವರಲ್ಲಿಯೂ ಎರಡು ಪಂಥಗಳಿವೆ. ಅಲ್ಲಿನ ಭೂಗೋಳ-ಖಗೋಳವೆಲ್ಲ ಕಲ್ಪನೆಯೆಂದು ಪುಟ ತಿರುವುವವರು ಒಂದು ಕಡೆ. ಇಂದಿನ ವಿಜ್ಞಾನವೆಲ್ಲ ಅಲ್ಲಿಯೇ ಇತ್ತೆಂದು ಸಂಭ್ರಮಿಸುವವರು ಇನ್ನೊಂದು ಕಡೆ. ಈ ಎರಡೂ ಓದುಗಳಲ್ಲಿ ಗ್ರಂಥದ ತರ್ಕ ಕಾಣದೆ ಹೋಗುತ್ತದೆ. ಗ್ರಹಗಳ ಗಾತ್ರದ ಪ್ರಶ್ನೆಯೊಂದನ್ನೇ ತೆಗೆದುಕೊಂಡು ಇದನ್ನು ಪರಿಶೀಲಿಸಬಹುದು.

ಹತ್ತನೆಯ ಶತಮಾನದಲ್ಲಿ, ಚಾವುಂಡರಾಯನ ಕಾಲದಲ್ಲಿದ್ದ ನೇಮಿಚಂದ್ರ ಸಿದ್ಧಾಂತಚಕ್ರವರ್ತಿಗಳು ತಮ್ಮ ಪ್ರಾಕೃತ ಕೃತಿ ‘ತ್ರಿಲೋಕಸಾರ’ದಲ್ಲಿ ಜ್ಯೋತಿಷ್ಕ ದೇವರ ವಿಮಾನಗಳ ಅಳತೆಗಳನ್ನು ಸಂಗ್ರಹಿಸಿದ್ದಾರೆ. ಅರ್ಧ ಬೇಲದ ಹಣ್ಣನ್ನು ಮೇಲ್ಮುಖವಾಗಿ ಇಟ್ಟಂತಿರುವ ಈ ವಿಮಾನಗಳಲ್ಲಿ ಚಂದ್ರನದು ಯೋಜನದ 61 ಭಾಗಗಳಲ್ಲಿ 56, ಸೂರ್ಯನದು 48. ಶುಕ್ರನದು ಒಂದು ಕ್ರೋಶ, ಅಂದರೆ ಯೋಜನದ ನಾಲ್ಕನೆಯ ಒಂದು ಭಾಗ. ಗುರುವಿನದು ಕ್ರೋಶಕ್ಕಿಂತ ತುಸು ಕಡಿಮೆ. ಬುಧ, ಮಂಗಳ, ಶನಿಗಳದು ಅರ್ಧ ಕ್ರೋಶ.

ಈ ಅನುಕ್ರಮವು ಬರಿಗಣ್ಣಿಗೆ ಕಾಣುವ ಹೊಳಪಿನ ಅನುಕ್ರಮಕ್ಕೆ ಬಹುಮಟ್ಟಿಗೆ ಹೊಂದುತ್ತದೆ. ಸೂರ್ಯಚಂದ್ರರ ಬಳಿಕ ಆಕಾಶದಲ್ಲಿ ಅತ್ಯಂತ ಪ್ರಖರವಾದುದು ಶುಕ್ರ. ಸಾಮಾನ್ಯವಾಗಿ ಅದರ ನಂತರದ ಸ್ಥಾನ ಗುರುವಿನದು. ಹೊಳಪನ್ನೇ ಗಾತ್ರವೆಂದು ಭಾವಿಸುವುದಕ್ಕೆ ಇಲ್ಲಿ ಕಾರಣವೂ ಇದೆ. ಪೂಜ್ಯಪಾದರ ‘ಸರ್ವಾರ್ಥಸಿದ್ಧಿ’ಯ ಪ್ರಕಾರ ತಾರೆಗಳು ಸಮಭೂಮಿಯಿಂದ 790 ಯೋಜನ, ಸೂರ್ಯ 800, ಚಂದ್ರ 880, ಶನಿ 900 ಯೋಜನ ಎತ್ತರದಲ್ಲಿ ಸಂಚರಿಸುತ್ತವೆ. ಇಡೀ ಜ್ಯೋತಿರ್ಲೋಕ 110 ಯೋಜನಗಳ ಪದರದೊಳಗೆ ಅಡಕವಾಗಿದೆ. ಎಲ್ಲವೂ ಹೆಚ್ಚುಕಡಿಮೆ ಒಂದೇ ದೂರದಲ್ಲಿದ್ದರೆ ದೊಡ್ಡದಾಗಿ ತೋರುವುದು ದೊಡ್ಡದೇ ಆಗಿರಬೇಕು.

ಸೂರ್ಯಚಂದ್ರರ ಅಳತೆಗಳಲ್ಲಿಯೂ ಇಂತಹ ಹೊಂದಾಣಿಕೆ ಇದೆ. ನಮ್ಮ ಕಣ್ಣಿಗೆ ಎರಡು ಬಿಂಬಗಳೂ ಹೆಚ್ಚುಕಡಿಮೆ ಸಮ. ಗ್ರಂಥದಲ್ಲಿ ಚಂದ್ರನು ಸೂರ್ಯನಿಗಿಂತ ಮೇಲಿದ್ದಾನೆ. ಆದ್ದರಿಂದ ಸಮವಾಗಿ ಕಾಣಲು ಅವನು ಹಿರಿದಾಗಿರಬೇಕು. ಸೂರ್ಯನ 48ನ್ನು 800ರಿಂದಲೂ ಚಂದ್ರನ 56ನ್ನು 880ರಿಂದಲೂ ಭಾಗಿಸಿದರೆ ಬರುವ ಎರಡು ಫಲಗಳ ನಡುವಿನ ಅಂತರ ಶೇಕಡಾ ಆರರಷ್ಟು ಮಾತ್ರ. ಅಳತೆಗಳನ್ನು ಹೀಗೆಯೇ ಪಡೆದರೆಂಬುದು ನನ್ನ ಊಹೆ. ಆದರೆ ಅಂಕಿಗಳು ಪರಸ್ಪರ ಸಂಬಂಧವಿಲ್ಲದೆ ಬಂದವಲ್ಲವೆಂಬುದಕ್ಕೆ ಇದು ಒಳ್ಳೆಯ ಸೂಚನೆ.

ಅನ್ಯ ಪರಂಪರೆಗಳೊಡನೆ ಹೋಲಿಸಿದಾಗ ಈ ಮಾತು ಇನ್ನಷ್ಟು ಸ್ಪಷ್ಟವಾಗುತ್ತದೆ. ಎರಡನೆಯ ಶತಮಾನದ ಟಾಲೆಮಿ ಸೂರ್ಯಬಿಂಬದ ತೋರಿಕೆಯ ವ್ಯಾಸಕ್ಕೆ ಹೋಲಿಸಿ ಶುಕ್ರನಿಗೆ ಹತ್ತನೆಯ ಒಂದು, ಗುರುವಿಗೆ ಹನ್ನೆರಡನೆಯ ಒಂದು, ಬುಧನಿಗೆ ಹದಿನೈದನೆಯ ಒಂದು, ಶನಿಗೆ ಹದಿನೆಂಟನೆಯ ಒಂದು, ಮಂಗಳನಿಗೆ ಇಪ್ಪತ್ತನೆಯ ಒಂದು ಭಾಗವನ್ನು ಕೊಟ್ಟನು. ಕ್ರಿ.ಶ. 499ರ ಕಾಲದ ಆರ್ಯಭಟನು ಚಂದ್ರವ್ಯಾಸದ 5, 10, 15, 20, 25ನೆಯ ಒಂದು ಭಾಗಗಳನ್ನು ಇದೇ ಕ್ರಮದಲ್ಲಿ ಹೇಳಿದನು. ‘ಸೂರ್ಯಸಿದ್ಧಾಂತ’ದ ಕ್ರಮವೂ ಶುಕ್ರನಿಂದ ಮಂಗಳನವರೆಗೆ ಇದೇ. ಕ್ರೋಶದಲ್ಲಿ ಅಳೆದವರಿಗೂ ಭಿನ್ನರಾಶಿಯಲ್ಲಿ ಅಳೆದವರಿಗೂ ಮೊದಲೆರಡು ಸ್ಥಾನಗಳಲ್ಲಿ ಶುಕ್ರ ಮತ್ತು ಗುರುವೇ ಕಂಡಿವೆ. ವ್ಯತ್ಯಾಸವಿರುವುದು ದೂರದ ಕಲ್ಪನೆಯಲ್ಲಿ. ಸಿದ್ಧಾಂತಕಾರರ ಅಳತೆಗಳು ಚಂದ್ರಕಕ್ಷೆಯ ದೂರಕ್ಕೆ ಇಳಿಸಿದವು. ಆಯಾ ಗ್ರಹದ ಕಕ್ಷೆ ದೊಡ್ಡದಾದಂತೆ ನಿಜವ್ಯಾಸವೂ ಹೆಚ್ಚುತ್ತದೆ. ಕರಣಾನುಯೋಗದಲ್ಲಿ ಅಂತಹ ಗುಣಾಕಾರಕ್ಕೆ ಅವಕಾಶವಿಲ್ಲ.

ಬರಿಗಣ್ಣಿನ ಈ ಅಂದಾಜನ್ನು ಬದಲಿಸಿದ್ದು ದೂರದರ್ಶಕ. 1631ರಲ್ಲಿ ಗಸೆಂಡಿ ಪ್ಯಾರಿಸ್ಸಿನಲ್ಲಿ ಬುಧನು ಸೂರ್ಯಬಿಂಬವನ್ನು ಹಾಯುವುದನ್ನು ಕಂಡಾಗ, ಅದು ನಿರೀಕ್ಷೆಗಿಂತ ಎಷ್ಟೋ ಸಣ್ಣ ಚುಕ್ಕೆಯಾಗಿತ್ತು. 1639ರಲ್ಲಿ ಶುಕ್ರಸಂಕ್ರಮಣವನ್ನು ನೋಡಿದ ಹೊರಾಕ್ಸನ ಅನುಭವವೂ ಅಂತಹುದೇ. ಪ್ರಭೆಯ ಹರಹನ್ನು ಕಣ್ಣು ಬಿಂಬವೆಂದು ತಿಳಿದಿತ್ತು. ಮುಂದೆ ದೂರಗಳೂ ನಿಖರವಾಗಿ ದೊರೆತಂತೆ ಪಟ್ಟಿಯೇ ಬದಲಾಯಿತು. ಗುರುವಿನ ವ್ಯಾಸ ಸುಮಾರು 1,43,000 ಕಿ.ಮೀ., ಶನಿಯದು 1,20,500. ಬರಿಗಣ್ಣಿನ ಪಟ್ಟಿಯಲ್ಲಿಲ್ಲದ ಯುರೇನಸ್ 51,100, ನೆಪ್ಚೂನ್ 49,500. ಭೂಮಿ 12,756, ಶುಕ್ರ 12,104, ಮಂಗಳ 6,792, ಬುಧ 4,879. ತ್ರಿಲೋಕಸಾರದಲ್ಲಿ ಸಮಾನವಾಗಿದ್ದ ಶನಿ ಮತ್ತು ಬುಧಗಳ ನಡುವೆ ಈಗ ಸುಮಾರು ಇಪ್ಪತ್ತೈದು ಪಟ್ಟು ಅಂತರ. ಸಮೀಪದಲ್ಲಿರುವುದರಿಂದಲೂ ದಟ್ಟ ಮೋಡಗಳ ಹೊದಿಕೆಯಿಂದಲೂ ಹೊಳೆಯುವ ಶುಕ್ರ ಆರನೆಯ ಸ್ಥಾನಕ್ಕೆ ಇಳಿದಿದೆ. ಅದಕ್ಕಿಂತ ದೊಡ್ಡ ಪಲ್ಲಟವೆಂದರೆ, ಜ್ಯೋತಿಷ್ಕರನ್ನು ನೋಡುವ ನೆಲೆಯಾಗಿದ್ದ ಭೂಮಿಯೇ ಪಟ್ಟಿಯೊಳಗೆ ಸೇರಿದ್ದು.

ಅನೇಕಾಂತದ ಹೆಸರಿನಲ್ಲಿ ಎರಡು ಪಟ್ಟಿಗಳೂ ಸರಿಯೆನ್ನುವುದು ಸುಲಭ. ಆದರೆ ಅದು ನಯವಿವೇಕವಲ್ಲ. ಯಾವ ನಯದಿಂದ ಯಾವುದನ್ನು ಹೇಳಲಾಗಿದೆ ಎಂಬುದನ್ನು ನಿರ್ದೇಶಿಸದೆ ಆ ಪದವನ್ನು ಬಳಸುವುದು ಶಾಸ್ತ್ರಕ್ಕೇ ಅನ್ಯಾಯ. ವಸ್ತುಸ್ಥಿತಿಯ ದೃಷ್ಟಿಯಿಂದ ತ್ರಿಲೋಕಸಾರದ ಅಂಕಿಗಳು ಗ್ರಹಗಳ ವ್ಯಾಸವಲ್ಲ. ಸಮೀಪದ ಆಕಾಶವೊಂದನ್ನು ನಂಬಿದವರು ಕಂಡದ್ದನ್ನು ಅಂಕಿಗಿಳಿಸಿದ ದಾಖಲೆ. ಇಂತಹ ಗ್ರಂಥಗಳನ್ನು ಸಂಪಾದಿಸುವವರು ಅಡಿಟಿಪ್ಪಣಿಯಲ್ಲಿ ಯೋಜನವನ್ನು ಕಿಲೋಮೀಟರಿಗೆ ಪರಿವರ್ತಿಸಿ ನಿಲ್ಲಿಸಬಾರದು. ಗಾತ್ರದ ಪಕ್ಕದಲ್ಲಿ ಅದೇ ಪರಂಪರೆಯ ಎತ್ತರವನ್ನೂ ಕೊಡಬೇಕು. ಆಗ ಮಾತ್ರ ವಿದ್ಯಾರ್ಥಿಗೆ ಆ ಅಂಕಿಯ ಹಿಂದಿನ ತರ್ಕವನ್ನು ತಾನೇ ಪರೀಕ್ಷಿಸಲು ಸಾಧ್ಯ.