ಸೇನೆ ಬಿಟ್ಟ ಲಾರಿ, ಹುಣಸೂರು ಬಿಟ್ಟ ಸೇನೆ: ಒಂದು ಏರ್ ಕಂಪ್ರೆಸರ್ ಕಥೆ

ಈ ಸಂಚಿಕೆಯಲ್ಲಿ ಒಂದು ಹಳೇ ಮಿಲಿಟರಿ ಲಾರಿ ಇದೆ, ಅದರ ಎಂಜಿನ್ ಪಕ್ಕ ಕೂತಿರೋ ಏರ್ ಕಂಪ್ರೆಸರ್ ಇದೆ. ಅದು ಕೆಟ್ರೆ ಹೇಗೆ ಗೊತ್ತಾಗುತ್ತೆ, ಹೇಗೆ ಬದಲಾಯಿಸ್ಬೇಕು ಅನ್ನೋದನ್ನ ಮಾತಾಡೋಣ. ಆದ್ರೆ ಅದಕ್ಕೂ ಮೊದಲು ಹುಣಸೂರಿಗೆ ಹೋಗ್ಬೇಕು, ಅದೂ ನೂರೈವತ್ತು ವರ್ಷಕ್ಕಿಂತ ಹಿಂದಕ್ಕೆ.

ಹೊಸ ಅಗ್ರಹಾರ, ಪಿರಿಯಾಪಟ್ಟಣ, ಕೋಟೆ ಕಡೆಯವರಿಗೆ ಹುಣಸೂರು ಅಂದ್ರೆ ತಂಬಾಕು, ಮರ. ಹತ್ತೊಂಬತ್ತನೇ ಶತಮಾನದ ಮೊದಲರ್ಧದಲ್ಲಿ ಹುಣಸೂರು ಅಂದ್ರೆ ಸೇನೆಯ ಸಾಗಣೆ. ಬ್ರಿಟಿಷ್ ಸೇನೆಗೆ ಬೇಕಾದ ಗಾಡಿ ಕಟ್ಟೋ ಮರಗೆಲಸದ ಕಾರ್ಖಾನೆ, ಚರ್ಮ ಹದ ಮಾಡೋ ಜಾಗ, ಕಂಬಳಿ ತಯಾರಿಕೆ, ಎಲ್ಲವೂ ಇಲ್ಲಿದ್ದವು. ಗಾಡಿ ಎಳೆಯೋ ಎತ್ತುಗಳು ಬರ್ತಾ ಇದ್ದದ್ದು ಅಮೃತಮಹಲ್ ಇಲಾಖೆಯಿಂದ. ಮೈಸೂರು ಒಡೆಯರ ಕಾಲದ ‘ಬೆಣ್ಣೆ ಚಾವಡಿ’ಗೆ ಟಿಪ್ಪು ಸುಲ್ತಾನ್ ಕೊಟ್ಟ ಹೆಸರು ಅದು. ಅದರ ಮುಖ್ಯ ಠಾಣ್ಯವೂ ಹುಣಸೂರೇ.

1860ರಲ್ಲಿ ಸರ್ಕಾರ ಖರ್ಚು ಉಳಿಸ್ಬೇಕು ಅಂತ ಅಮೃತಮಹಲ್ ಹಿಂಡುಗಳನ್ನ ಮಾರಿಬಿಡ್ತು. 1864ರ ಹೊತ್ತಿಗೆ ಇಲ್ಲಿನ ಕಾರ್ಖಾನೆಗಳೂ ಮುಚ್ಚಿದವು. ಆದ್ರೆ 1866ರಲ್ಲಿ ಅದೇ ತಳಿಯನ್ನ ಮತ್ತೆ ಕಟ್ಟೋಕೆ ಶುರು ಮಾಡ್ಬೇಕಾಯ್ತು. ನಾನು ಬಿಕಾಂ ಓದಿದವನು, ನನಗೆ ಇದು ಲೆಕ್ಕದ ಪಾಠದ ಹಾಗೆ ಕಾಣುತ್ತೆ. ಎತ್ತಿಗೆ ಒಂದು ಬೆಲೆ ಕಟ್ಟಬಹುದು. ಅದನ್ನ ಸಾಕಿ, ಪಳಗಿಸಿ, ದಾರಿಯಲ್ಲಿ ನಿಲ್ಲದ ಹಾಗೆ ನೋಡ್ಕೊಳ್ಳೋ ವ್ಯವಸ್ಥೆಗೆ ಪುಸ್ತಕದಲ್ಲಿ ಕಾಲಂ ಇರಲ್ಲ. ಹಾಗಾಗಿ ಮಾರೋವಾಗ ಅದು ಕಣ್ಣಿಗೇ ಬೀಳಲ್ಲ.

ಈಗ ಲಾರಿಗೆ ಬರೋಣ. ಎತ್ತಿನ ಜಾಗಕ್ಕೆ ಮೋಟಾರು ಬಂತು. 1959ರಲ್ಲಿ ಜಬಲ್ಪುರದಲ್ಲಿ ಜರ್ಮನಿಯ ಮ್ಯಾನ್ ಕಂಪನಿಯ ಪರವಾನಗಿಯಲ್ಲಿ ಶಕ್ತಿಮಾನ್ ಲಾರಿ ತಯಾರಾಗೋಕೆ ಶುರುವಾಯ್ತು. 1986ರಲ್ಲಿ ನಮ್ಮ ಬೆಂಗಳೂರಿನ ಬೆಮೆಲ್, ಚೆಕೊಸ್ಲೊವಾಕಿಯಾದ ಟಾಟ್ರಾ ಲಾರಿಗಳಿಗೆ ಒಪ್ಪಂದ ಮಾಡ್ಕೊಂಡಿತು. ಆಮೇಲೆ ಅಶೋಕ್ ಲೇಲ್ಯಾಂಡ್‌ನ ಸ್ಟಾಲಿಯನ್ ಬಂತು. ಇಂಥ ಭಾರದ ಗಾಡಿ ನಿಲ್ಲಿಸೋಕೆ ಕಾಲಿನ ಬಲ ಸಾಲಲ್ಲ. ಅಲ್ಲಿ ಕೆಲಸಕ್ಕೆ ಬರೋದು ಗಾಳಿ.

ಗಾಳಿ ಬ್ರೇಕ್ ಹುಟ್ಟಿದ್ದು ರೈಲಿಗಾಗಿ. ಅಮೆರಿಕದ ಜಾರ್ಜ್ ವೆಸ್ಟಿಂಗ್‌ಹೌಸ್ 1869ರಲ್ಲಿ ಮಾಡಿದ ಮೊದಲ ಬ್ರೇಕಿನಲ್ಲಿ ಗಾಳಿ ಒತ್ತಿದರೆ ಮಾತ್ರ ಚಕ್ರ ನಿಲ್ಲುತ್ತಿತ್ತು. ಪೈಪ್ ಹರಿದರೆ ಬ್ರೇಕೇ ಇಲ್ಲ. 1872ರಲ್ಲಿ ಅವನು ಇದನ್ನ ತಲೆಕೆಳಗು ಮಾಡಿದ: ಪೈಪಿನಲ್ಲಿ ಗಾಳಿ ಇದ್ದಷ್ಟು ಹೊತ್ತು ಬ್ರೇಕ್ ಬಿಟ್ಟಿರುತ್ತೆ, ಗಾಳಿ ಹೋದ್ರೆ ತಾನಾಗೇ ಹಿಡಿಯುತ್ತೆ. ಲಾರಿಗಳಲ್ಲಿ ಇದೇ ಕೆಲಸ ಮಾಡೋ ಸ್ಪ್ರಿಂಗ್ ಬ್ರೇಕ್ ವ್ಯಾಪಕವಾಗಿದ್ದು ತುಂಬಾ ತಡವಾಗಿ, 1960ರ ದಶಕದ ನಂತರ. ಹಾಗಾಗಿ ಹಳೇ ಲಾರಿ ಕೊಂಡವರು ಮೊದಲು ಕೇಳ್ಬೇಕಾದ ಪ್ರಶ್ನೆ ಇದು: ಗಾಳಿ ಹೋದ್ರೆ ಈ ಗಾಡಿ ನಿಲ್ಲುತ್ತಾ, ಓಡುತ್ತಾ?

ಗೇಜ್ ಮುಳ್ಳು ಏರ್ತಿಲ್ಲ ಅಂದ ತಕ್ಷಣ ‘ಕಂಪ್ರೆಸರ್ ಹೋಯ್ತು’ ಅನ್ನೋದು ಅವಸರ. ಚಕ್ರಕ್ಕೆ ಅಡ್ಡಗಟ್ಟೆ ಕೊಡಿ. ಸಿಕ್ಕಷ್ಟು ಗಾಳಿ ತುಂಬಿಸಿ, ಎಂಜಿನ್ ಆಫ್ ಮಾಡಿ, ಬ್ರೇಕ್ ಬಿಟ್ಟು ಒಂದು ನಿಮಿಷ ಗೇಜ್ ನೋಡಿ. ಅಮೆರಿಕದ ಚಾಲಕರ ಪರೀಕ್ಷೆಯಲ್ಲಿ ಒಂಟಿ ಲಾರಿಗೆ ನಿಮಿಷಕ್ಕೆ 2 ಪಿಎಸ್‌ಐಗಿಂತ ಹೆಚ್ಚು ಇಳೀಬಾರದು. ಇಳಿದ್ರೆ ತಪ್ಪು ಪೈಪ್, ವಾಲ್ವ್, ಡಯಾಫ್ರಂನಲ್ಲಿರಬಹುದು. ಸೋಪು ನೀರು ಹಚ್ಚಿದ್ರೆ ಗುಳ್ಳೆ ಜಾಗ ತೋರಿಸುತ್ತೆ.

ಸೋರಿಕೆ ಇಲ್ಲ ಅಂತಾದ್ರೆ ಎಂಜಿನ್ ಓಡಿಸಿ. ಎರಡು ಸರ್ಕ್ಯೂಟಿನ ಲಾರಿಯಲ್ಲಿ ಪೂರ್ತಿ ವೇಗದಲ್ಲಿ 85ರಿಂದ 100 ಪಿಎಸ್‌ಐಗೆ 45 ಸೆಕೆಂಡಿನೊಳಗೆ ಏರ್ಬೇಕು. ಏರದಿದ್ರೆ ಗಾಳಿ ಒಳಗೆ ಹೋಗೋ ಫಿಲ್ಟರ್ ಕಟ್ಟಿದೆಯಾ, ಹೊರಗೆ ಬರೋ ಪೈಪಿನಲ್ಲಿ ಕಾರ್ಬನ್ ತುಂಬಿದೆಯಾ ನೋಡಿ. ಆಮೇಲೆ ಗವರ್ನರ್. ಒತ್ತಡ ಸಾಕಷ್ಟಾದಾಗ ‘ಇನ್ನು ಸಾಕು’ ಅಂತ ಅನ್‌ಲೋಡರ್‌ಗೆ ಹೇಳೋದು ಅದೇ. ಅದು ಸಿಕ್ಕಿಹಾಕಿಕೊಂಡ್ರೆ ಆರೋಗ್ಯವಾಗಿರೋ ಕಂಪ್ರೆಸರ್ ಕೂಡ ಸುಮ್ಮನೆ ತಿರುಗ್ತಾ ಇರುತ್ತೆ.

ಇದೆಲ್ಲ ದಾಟಿದ ಮೇಲೆ ಟ್ಯಾಂಕಿನ ಅಡಿಯ ನಲ್ಲಿ ಬಿಚ್ಚಿ. ನೀರು ಬರೋದು ಸಹಜ. ಕಪ್ಪು ಎಣ್ಣೆ ಧಾರಾಳವಾಗಿ ಬಂದ್ರೆ ಪಿಸ್ಟನ್ ರಿಂಗ್ ಸವೆದಿರಬಹುದು, ಅಥವಾ ಎಣ್ಣೆ ಎಂಜಿನ್‌ಗೆ ವಾಪಸ್ ಹೋಗೋ ದಾರಿ ಕಟ್ಟಿರಬಹುದು. ನೀರಿನಿಂದ ತಣ್ಣಗಾಗೋ ಕಂಪ್ರೆಸರ್ ಆಗಿದ್ದು, ರೇಡಿಯೇಟರ್‌ನಲ್ಲಿ ಗುಳ್ಳೆ ಬಂದ್ರೆ ಅದರ ಹೆಡ್ ಗ್ಯಾಸ್ಕೆಟ್ ಮೇಲೆ ಅನುಮಾನ ಪಡಿ.

ಬದಲಾಯಿಸೋದೇ ಅಂತಾದ್ರೆ ಮೊದಲು ಎಲ್ಲ ಟ್ಯಾಂಕ್ ಖಾಲಿ ಮಾಡಿ. ಪೈಪ್‌ಗಳಿಗೆ ಗುರುತು ಹಾಕಿ. ಕೆಲವು ಎಂಜಿನ್‌ಗಳಲ್ಲಿ ಡೀಸೆಲ್ ಪಂಪ್ ಕೂಡ ಕಂಪ್ರೆಸರ್ ಮೂಲಕವೇ ತಿರುಗುತ್ತೆ. ಅಲ್ಲಿ ಟೈಮಿಂಗ್ ಗುರುತು ನೋಡದೆ ಬಿಚ್ಚಿದ್ರೆ ಎಂಜಿನ್ನೇ ಹಟ ಹಿಡಿಯುತ್ತೆ. ಕಾರ್ಬನ್ ಕಟ್ಟಿದ ಹಳೇ ಪೈಪನ್ನ ಹೊಸ ಕಂಪ್ರೆಸರ್‌ಗೆ ಜೋಡಿಸ್ಬೇಡಿ, ಹಳೆಯದನ್ನ ಕೊಂದ ರೋಗ ಹೊಸದಕ್ಕೂ ತಗಲುತ್ತೆ. ಎಣ್ಣೆ ದಾರಿ ಸ್ವಚ್ಛ ಮಾಡಿ, ಜೋಡಿಸೋ ಮುಂಚೆ ಒಳಗೆ ಎಣ್ಣೆ ಹಾಕಿ, ಗ್ಯಾಸ್ಕೆಟ್ ಹೊಸದು ಹಾಕಿ. ಆಮೇಲೆ ಸೊನ್ನೆಯಿಂದ ಮತ್ತೆ ಅದೇ ಪರೀಕ್ಷೆಗಳು. ಮತ್ತೆ ಒಂದು ಮಾತು, ಸ್ಪ್ರಿಂಗ್ ಬ್ರೇಕಿನ ಡಬ್ಬಿಯನ್ನ ಮಾತ್ರ ಮನೆಯಲ್ಲಿ ಬಿಚ್ಚೋಕೆ ಹೋಗ್ಬೇಡಿ. ಒಳಗಿರೋ ಸ್ಪ್ರಿಂಗ್ ಚಿಮ್ಮಿದ್ರೆ ಜೀವಕ್ಕೇ ಅಪಾಯ.

ಸೇನೆಯಲ್ಲಿ ಒಂದು ಲಾರಿಯ ಹಿಂದೆ ವರ್ಕ್‌ಶಾಪ್, ಬಿಡಿಭಾಗದ ಗೋದಾಮು, ತಪಾಸಣೆಯ ವೇಳಾಪಟ್ಟಿ, ಬೆಳಿಗ್ಗೆ ಟ್ಯಾಂಕಿನ ನೀರು ಬಿಡೋ ಒಬ್ಬ ಮನುಷ್ಯ, ಎಲ್ಲ ಇರುತ್ತೆ. ಹರಾಜಿನಲ್ಲಿ ನಮಗೆ ಸಿಗೋದು ಲಾರಿ ಮಾತ್ರ. 1860ರಲ್ಲಿ ಎತ್ತು ಕೊಂಡವರಿಗೂ ಸಿಕ್ಕಿದ್ದು ಎತ್ತು ಮಾತ್ರ. ಅದರ ಹಿಂದಿನ ಹುಣಸೂರು ಸಿಗಲಿಲ್ಲ. ಲಾರಿ ಕೊಳ್ಳೋವಾಗ ಬೆಲೆಯ ಪಕ್ಕದಲ್ಲಿ ಈ ಖರ್ಚನ್ನೂ ಬರ್ಕೊಳ್ಳಿ. ಘಾಟಿಯ ಇಳಿಜಾರಿನಲ್ಲಿ ಗೇಜ್ ಮುಳ್ಳು ಬೀಳೋಕೆ ಶುರುವಾದಾಗ ಲೆಕ್ಕ ಹಾಕೋಕೆ ಸಮಯ ಇರಲ್ಲ.