ಸ್ವಲೀನತೆಯುಳ್ಳ ಮಕ್ಕಳಲ್ಲಿ ಸಂವೇದನೆ ಅರಸುವ ವರ್ತನೆ

ಸಂವೇದನೆ ಅರಸುವ ವರ್ತನೆ ಎಂದರೆ ಸ್ಪರ್ಶ, ಚಲನೆ, ಒತ್ತಡ, ಶಬ್ದ, ಬೆಳಕು, ರುಚಿ ಅಥವಾ ವಾಸನೆಯ ಅನುಭವವನ್ನು ವ್ಯಕ್ತಿಯು ಸಾಮಾನ್ಯಕ್ಕಿಂತ ತೀವ್ರವಾಗಿ ಇಲ್ಲವೇ ಮತ್ತೆ ಮತ್ತೆ ಬಯಸಿ ಪಡೆದುಕೊಳ್ಳುವುದು. ಸ್ವಲೀನತೆ (ಆಟಿಸಂ) ಉಳ್ಳ ಅನೇಕ ಮಕ್ಕಳಲ್ಲಿ ಇದು ಕಂಡುಬರುತ್ತದೆ. ಹೊರನೋಟಕ್ಕೆ ತುಂಟತನ ಅಥವಾ ಹಟದಂತೆ ತೋರುವುದರಿಂದ ಮಕ್ಕಳು ಇದಕ್ಕಾಗಿ ಶಿಕ್ಷೆಗೆ ಒಳಗಾಗುವುದುಂಟು. ಮಗು ಬೆಳೆದಂತೆ ವರ್ತನೆಯ ರೂಪ ಬದಲಾದರೂ ಅದರ ಹಿಂದಿನ ಅಗತ್ಯವು ಪ್ರಾಯದಲ್ಲಿಯೂ ಉಳಿಯಬಹುದು.

ಹಿನ್ನೆಲೆ

ಮನೋವೈದ್ಯ ಲಿಯೋ ಕ್ಯಾನರ್ 1943ರ ಪ್ರಬಂಧದಲ್ಲಿ ವಿವರಿಸಿದ 11 ಮಕ್ಕಳಲ್ಲಿಯೇ ವಸ್ತುಗಳನ್ನು ತಿರುಗಿಸುತ್ತಾ ಆನಂದಿಸುವಂತಹ ವರ್ತನೆಗಳು ದಾಖಲಾಗಿದ್ದವು. ಆಕ್ಯುಪೇಷನಲ್ ಥೆರಪಿ ತಜ್ಞೆ ಎ. ಜೀನ್ ಏರ್ಸ್ 1970ರ ದಶಕದಲ್ಲಿ ಸಂವೇದನಾ ಸಮನ್ವಯದ ಸಿದ್ಧಾಂತವನ್ನು ಪುಸ್ತಕರೂಪದಲ್ಲಿ ಮಂಡಿಸಿದರು. 1997ರಲ್ಲಿ ವಿನ್ನಿ ಡನ್ ಸಂವೇದನೆಗೆ ಸ್ಪಂದಿಸುವ ಬಗೆಯನ್ನು ನಾಲ್ಕಾಗಿ ವಿಂಗಡಿಸಿದರು. ಸಂವೇದನೆಯನ್ನು ಅರಸುವುದು ಅವುಗಳಲ್ಲಿ ಒಂದು. ಅಮೇರಿಕದ ಮನೋವೈದ್ಯಕೀಯ ಸಂಘವು 2013ರಲ್ಲಿ ಪ್ರಕಟಿಸಿದ ಡಿಎಸ್ಎಂ-5 ಕೈಪಿಡಿಯು ಅಸಾಮಾನ್ಯ ಸಂವೇದನಾ ಪ್ರತಿಕ್ರಿಯೆಯನ್ನು ಸ್ವಲೀನತೆಯ ಮಾನದಂಡಗಳಲ್ಲಿ ಸೇರಿಸಿತು.

ಲಕ್ಷಣಗಳು

* ಚಲನೆ: ನಿಂತಲ್ಲೇ ಗಿರಗಿರನೆ ಸುತ್ತುವುದು, ಜಿಗಿಯುವುದು, ಮೈ ತೂಗುವುದು
* ಒತ್ತಡ: ಬಿಗಿಯಾಗಿ ಅಪ್ಪುವುದು, ಇಕ್ಕಟ್ಟಾದ ಜಾಗದಲ್ಲಿ ನುಸುಳಿ ಕೂರುವುದು
* ದೃಷ್ಟಿ: ಫ್ಯಾನ್ ಅಥವಾ ಚಕ್ರ ತಿರುಗುವುದನ್ನು ದೀರ್ಘಕಾಲ ನೋಡುವುದು
* ಬಾಯಿ ಮತ್ತು ಮೂಗು: ಬಟ್ಟೆ, ಪೆನ್ಸಿಲ್ ಕಚ್ಚುವುದು, ವಸ್ತುಗಳನ್ನು ಮೂಸುವುದು

ಸಂವೇದನೆಯನ್ನು ಅರಸುವ ಮಗುವೇ ಬೇರೊಂದು ಸಂವೇದನೆಯಿಂದ ದೂರ ಸರಿಯಬಹುದು. ಜೋಕಾಲಿಯಿಂದ ಇಳಿಯಲೊಲ್ಲದ ಮಗು ಮಿಕ್ಸರ್ ಸದ್ದಿಗೆ ಕಿವಿ ಮುಚ್ಚಿಕೊಳ್ಳುವುದು ಇದಕ್ಕೆ ಉದಾಹರಣೆ.

ವಯಸ್ಸಿನೊಂದಿಗೆ ಬದಲಾವಣೆ

2009ರಲ್ಲಿ ಪ್ರಕಟವಾದ, 14 ಅಧ್ಯಯನಗಳನ್ನು ಒಟ್ಟುಗೂಡಿಸಿದ ವಿಶ್ಲೇಷಣೆಯ ಪ್ರಕಾರ ಈ ವರ್ತನೆಯು 6ರಿಂದ 9 ವರ್ಷದವರೆಗೆ ಹೆಚ್ಚಾಗಿ, ಅನಂತರ ಇಳಿಮುಖವಾಗುತ್ತದೆ. ಆದರೆ ಕಡಿಮೆ ಕಾಣಿಸುವುದೆಂದರೆ ಅಗತ್ಯವು ಇಲ್ಲವಾಯಿತೆಂದು ಅರ್ಥವಲ್ಲ. ಬಾಲ್ಯದಲ್ಲಿ ಇಡೀ ಮೈಯನ್ನು ತೂಗುತ್ತಿದ್ದವರು ಮುಂದೆ ಕಾಲು ಅಲುಗಿಸುವುದು, ಬೆರಳುಗಳ ನಡುವೆ ವಸ್ತುವನ್ನು ಹೊರಳಿಸುವುದು, ಒಂದೇ ಹಾಡನ್ನು ಮತ್ತೆ ಮತ್ತೆ ಕೇಳುವುದು ಮುಂತಾದ ಕಣ್ಣಿಗೆ ಬೀಳದ ಮಾರ್ಗಗಳನ್ನು ಕಂಡುಕೊಳ್ಳಬಹುದು. ಇತರರ ಅಪಹಾಸ್ಯಕ್ಕೆ ಅಂಜಿ ವರ್ತನೆಯನ್ನು ಹತ್ತಿಕ್ಕುವುದು ಆಯಾಸ ಮತ್ತು ಆತಂಕವನ್ನು ಉಂಟುಮಾಡಬಲ್ಲದು.

ಅಮೇರಿಕದ ಪ್ರಾಣಿವಿಜ್ಞಾನಿ ಟೆಂಪಲ್ ಗ್ರ್ಯಾಂಡಿನ್ (ಜನನ 1947) ಇದಕ್ಕೆ ಪ್ರಸಿದ್ಧ ನಿದರ್ಶನ. ಬಾಲ್ಯದಲ್ಲಿ ಅವರು ಗಾಢ ಒತ್ತಡವನ್ನು ಬಯಸುತ್ತಿದ್ದರೂ ಅಪ್ಪುಗೆಯನ್ನು ಸಹಿಸಲಾರದವರಾಗಿದ್ದರು. ದನಗಳನ್ನು ಹಿಡಿದಿಡುವ ಸಾಧನದಲ್ಲಿ ಅವು ಶಾಂತವಾಗುವುದನ್ನು ಕಂಡು, 18ರ ಪ್ರಾಯದಲ್ಲಿ, ಒತ್ತಡವನ್ನು ತಾವೇ ನಿಯಂತ್ರಿಸಬಲ್ಲ ಯಂತ್ರವೊಂದನ್ನು ರೂಪಿಸಿಕೊಂಡರು. ದಶಕಗಳ ನಂತರ ಅದು ಕೆಟ್ಟಾಗ ಅವರು ದುರಸ್ತಿ ಮಾಡಲಿಲ್ಲ. ಆ ವೇಳೆಗೆ ಜನರನ್ನು ಅಪ್ಪಿಕೊಳ್ಳುವುದು ಅವರಿಗೆ ಸಾಧ್ಯವಾಗಿತ್ತು.

ನಿರ್ವಹಣೆ

ಯಾರಿಗೂ ಹಾನಿ ಮಾಡದ ವರ್ತನೆಯನ್ನು ತಡೆಯಬೇಕಾದ ಅಗತ್ಯವಿಲ್ಲ. ತಲೆ ಚಚ್ಚಿಕೊಳ್ಳುವುದು, ಎತ್ತರದಿಂದ ಹಾರುವುದು, ಮಣ್ಣು ಅಥವಾ ಬಣ್ಣದ ಚಕ್ಕೆಗಳಂತಹ ತಿನ್ನಬಾರದ ವಸ್ತುಗಳನ್ನು ನುಂಗುವುದು ಅಪಾಯಕಾರಿಯಾದ ಕಾರಣ ವೈದ್ಯರ ಸಲಹೆ ಅವಶ್ಯಕ. ಹಲ್ಲುನೋವು, ಕಿವಿನೋವು ಮುಂತಾದ ದೈಹಿಕ ಕಾರಣಗಳನ್ನೂ ಪರೀಕ್ಷಿಸಬೇಕಾಗುತ್ತದೆ.

ಕೇವಲ ತಡೆಯುವುದರ ಬದಲು ಅದೇ ಅನುಭವವನ್ನು ನೀಡುವ ಸುರಕ್ಷಿತ ಪರ್ಯಾಯವನ್ನು ಒದಗಿಸುವುದು ಸಾಮಾನ್ಯ ಕ್ರಮ. ಕಚ್ಚುವ ಮಗುವಿಗೆ ಅದಕ್ಕೆಂದೇ ತಯಾರಿಸಿದ ರಬ್ಬರ್ ಸಾಧನ, ಚಲನೆ ಬಯಸುವ ಮಗುವಿಗೆ ಜೋಕಾಲಿ, ತರಗತಿಯಲ್ಲಿ ನಡುನಡುವೆ ಎದ್ದು ಓಡಾಡುವ ಅವಕಾಶ ಇಂತಹ ಪರ್ಯಾಯಗಳಾಗಿವೆ. ಹದಿಹರೆಯದಲ್ಲಿ, ಇತರರನ್ನು ಮುಟ್ಟುವ ಮೊದಲು ಒಪ್ಪಿಗೆ ಕೇಳುವುದನ್ನೂ ಕಲಿಸಬೇಕಾಗುತ್ತದೆ. ಚಿಕ್ಕಂದಿನಲ್ಲಿ ಮುದ್ದಾಗಿ ಕಾಣುತ್ತಿದ್ದ ಅಪ್ಪುಗೆಯು ಬೆಳೆದವರಲ್ಲಿ ಅಪಾರ್ಥಕ್ಕೆ ಎಡೆಮಾಡಬಹುದು.

ಎಲ್ಲ ಉಪಾಯಗಳಿಗೂ ಸಮಾನ ಆಧಾರವಿಲ್ಲ. 2014ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ಭಾರದ ಹೊದಿಕೆಯು ಸ್ವಲೀನತೆಯುಳ್ಳ ಮಕ್ಕಳ ನಿದ್ರೆಯ ಅವಧಿಯನ್ನು ಹೆಚ್ಚಿಸಲಿಲ್ಲ. ಆದ್ದರಿಂದ ಪ್ರತಿ ಮಗುವಿಗೆ ಯಾವುದು ಹಿತವೆಂಬುದನ್ನು ಗಮನಿಸಿ, ಬೆಳೆದಂತೆ ಆ ವ್ಯಕ್ತಿಯ ಅಭಿಪ್ರಾಯವನ್ನೇ ಕೇಳಿ ನಿರ್ಧರಿಸುವುದು ಸೂಕ್ತ.