ಮಂಚಕ್ಕುಂಟು ವಿಮೆ, ಮನೆಗಿಲ್ಲ: ಕೊಳ್ಳೇಗಾಲ, ಹನೂರು, ಯಳಂದೂರು ತಾಲ್ಲೂಕುಗಳಲ್ಲಿ ಕೊನೆಗಾಲದ ಆರೈಕೆ

ಕ್ಯಾನ್ಸರ್ ಮೈತುಂಬ ಹರಡಿದ ಮೇಲೆ ಮೈಸೂರಿನಿಂದಲೋ ಬೆಂಗಳೂರಿನಿಂದಲೋ "ಇನ್ನು ಮನೆಗೆ ಕರ್ಕೊಂಡು ಹೋಗಿ" ಎಂದು ಹೇಳಿಸಿಕೊಂಡು ಕೊಳ್ಳೇಗಾಲಕ್ಕೆ ಬಂದಿಳಿಯುವ ರೋಗಿಯ ಮಟ್ಟಿಗೆ ಆರೋಗ್ಯ ವಿಮೆ ಹೆಚ್ಚುಕಡಿಮೆ ಅಲ್ಲಿಗೇ ಮುಗಿಯುತ್ತದೆ. ಕೇಂದ್ರದ ಆರೋಗ್ಯ ವಿಮೆಯಾದ ಪಿಎಂ-ಜೆಎವೈ ನಿಯಮದ ಪ್ರಕಾರ ದಾಖಲಾಗುವ ಮುಂಚಿನ 3 ದಿನ ಮತ್ತು ಬಿಡುಗಡೆಯ ನಂತರದ 15 ದಿನಗಳ ಖರ್ಚು ಮಾತ್ರ ಚಿಕಿತ್ಸೆಯ ಲೆಕ್ಕಕ್ಕೆ ಸೇರುತ್ತದೆ. ರೋಗಿಯಾದರೋ ಇನ್ನೂ ಎರಡು ತಿಂಗಳು, ಕೆಲವೊಮ್ಮೆ ಆರು ತಿಂಗಳು ಬದುಕಿರುತ್ತಾನೆ. ಆ ಅವಧಿಯ ನೋವು, ಹುಣ್ಣು, ಮಲಬದ್ಧತೆ, ನಿದ್ದೆಗೆಟ್ಟ ರಾತ್ರಿಗಳು, ನೋಡಿಕೊಳ್ಳುವವರ ಕಳೆದುಹೋದ ಕೂಲಿ ಯಾವ ಪ್ಯಾಕೇಜಿನ ಸಂಕೇತಕ್ಕೂ ಸಿಕ್ಕುವುದಿಲ್ಲ. ಈ ಸೀಮೆಗೆ ಬೇಕಾದದ್ದು ಹಾಸ್ಪಿಸ್, ಅಂದರೆ ಕೊನೆಗಾಲದ ಆರೈಕೆಯ, ಕಟ್ಟಡಕ್ಕಿಂತ ಮೊದಲು ಮನೆಯ ದಿನಕ್ಕೆ ಹಣ ಕಟ್ಟಿಕೊಡುವ ವಿಮೆ, ಮತ್ತು ಅದರ ಬೀಜ ಈ ಸೀಮೆಯ ನೆರೆಯಲ್ಲೇ 2002ರಲ್ಲಿ ಒಮ್ಮೆ ಬಿತ್ತನೆಯಾಗಿತ್ತು ಎಂಬುದು ಈ ಲೇಖನದ ವಾದ.

ಮೂರೂ ತಾಲ್ಲೂಕುಗಳು 1997ರಲ್ಲಿ ಮೈಸೂರಿನಿಂದ ಬೇರೆಯಾದ ಚಾಮರಾಜನಗರ ಜಿಲ್ಲೆಗೆ ಸೇರಿವೆ. ಆಡಳಿತದ ಹಿನ್ನೆಲೆ ಮಾತ್ರ ಒಂದೊಂದರದೂ ಬೇರೆ. ಕೊಳ್ಳೇಗಾಲ 1956ರವರೆಗೆ ಮದ್ರಾಸಿನ ಕೊಯಮತ್ತೂರು ಜಿಲ್ಲೆಯ ಭಾಗವಾಗಿತ್ತು. ಯಳಂದೂರು ದಿವಾನ್ ಪೂರ್ಣಯ್ಯನವರಿಗೆ ಸಂದ ಜಹಗೀರು. ಹನೂರು ಇತ್ತೀಚೆಗಷ್ಟೇ ಕೊಳ್ಳೇಗಾಲದಿಂದ ಬಿಡಿಸಿಕೊಂಡು ತಾಲ್ಲೂಕಾಯಿತು. ಕಾಯಿಲೆ ಬಿದ್ದವರ ದಾರಿ ಮಾತ್ರ ಒಂದೇ, ಅದು ಮೈಸೂರಿನದು. ಜಿಲ್ಲಾಕೇಂದ್ರದಲ್ಲಿ 2016ರಲ್ಲಿ ವೈದ್ಯಕೀಯ ಕಾಲೇಜು ಶುರುವಾದರೂ ರೂಢಿ ಪೂರ್ತಿ ಬದಲಾಗಿಲ್ಲ. 2018ರ ಡಿಸೆಂಬರ್ 14ರಂದು ಹನೂರು ತಾಲ್ಲೂಕಿನ ಸುಳವಾಡಿಯ ಮಾರಮ್ಮನ ಗುಡಿಯಲ್ಲಿ ವಿಷ ಬೆರೆತ ಪ್ರಸಾದ ತಿಂದವರನ್ನು ಕಾಮಗೆರೆಗೆ, ಕೊಳ್ಳೇಗಾಲಕ್ಕೆ, ಅಲ್ಲಿಂದ ಮೈಸೂರಿನ ಆಸ್ಪತ್ರೆಗಳಿಗೆ ಸಾಗಿಸಿದ್ದನ್ನು ನೆನೆದರೆ ಆ ದಾರಿಯ ನಕ್ಷೆ ಕಣ್ಣಿಗೆ ಕಟ್ಟುತ್ತದೆ. ತುರ್ತಿನಲ್ಲಿ ಇಡೀ ವ್ಯವಸ್ಥೆ ಓಡಿಬಂತು. ನಿಧಾನವಾಗಿ ಸಾಯುವವರಿಗಾಗಿ ಓಡುವ ವ್ಯವಸ್ಥೆ ಇಲ್ಲ.

ಇದು ಬರಿಯ ಅಲಂಕಾರದ ಮಾತಲ್ಲ, ವಾಹನಗಳನ್ನೇ ಎಣಿಸಿ ನೋಡಬಹುದು. 108 ಆಂಬುಲೆನ್ಸ್ 2008ರಿಂದ ರೋಗಿಯನ್ನು ಆಸ್ಪತ್ರೆಗೆ ಒಯ್ಯುತ್ತಿದೆ, ಸಾವಿನಂಚಿನವರನ್ನು ಮನೆಗೆ ತಂದುಬಿಡುವುದು ಅದರ ಕೆಲಸವಲ್ಲ. ಬಾಣಂತಿ, ಮಗುವನ್ನು ಮನೆಗೆ ಬಿಡಲು 'ನಗು-ಮಗು' ವಾಹನವಿದೆ. ಶಕ್ತಿ ಯೋಜನೆ 2023ರ ಜೂನ್‌ನಿಂದ ಹೆಂಗಸರಿಗೆ ಬಸ್ ಪ್ರಯಾಣ ಉಚಿತ ಮಾಡಿದ್ದರಿಂದ ಗಂಡನ ಮಾತ್ರೆ ತರಲು ಮೈಸೂರಿಗೆ ಹೋಗಿಬರುವ ಹೆಂಡತಿಗೆ ನಿಜವಾದ ಆಸರೆ ಸಿಕ್ಕಿದೆ. ಆದರೆ ಎದ್ದು ಕೂರಲಾಗದ ಗಂಡನನ್ನು ಬಸ್ಸಿಗೆ ಹತ್ತಿಸುವಂತಿಲ್ಲ, ಬಾಡಿಗೆ ಕಾರೇ ಗತಿ. ಮಲೆ ಮಹದೇಶ್ವರ ಬೆಟ್ಟದ ವನ್ಯಧಾಮದೊಳಗಿನ ಇಂಡಿಗನತ್ತ, ಮೆಂದಾರೆಯಂಥ ಊರುಗಳಿಗೆ ಆ ಕಾರೂ ಸಲೀಸಾಗಿ ಹೋಗದು. ಅರಣ್ಯ ಇಲಾಖೆಯ 'ಜನ-ವನ ಸಾರಿಗೆ' ಜೀಪು ಬರುವ ಮುಂಚೆ ಅಲ್ಲಿ ರೋಗಿಗಳನ್ನು ಡೋಲಿ ಕಟ್ಟಿ ಹೊತ್ತೇ ಇಳಿಸುತ್ತಿದ್ದರು.

ಕರ್ನಾಟಕದ ವಿಮೆಯ ಚರಿತ್ರೆಯನ್ನು ಓದಿದರೆ ಈ ಕೊರತೆ ಹೇಗೆ ಹುಟ್ಟಿತೆಂದು ತಿಳಿಯುತ್ತದೆ. 2003ರಲ್ಲಿ ಸಹಕಾರ ಸಂಘಗಳ ಸದಸ್ಯರಿಗಾಗಿ ಬಂದ ಯಶಸ್ವಿನಿ, ವರ್ಷಕ್ಕೆ 60 ರೂಪಾಯಿ ವಂತಿಗೆ ಪಡೆದು ಪಟ್ಟಿಯಲ್ಲಿದ್ದ ಶಸ್ತ್ರಚಿಕಿತ್ಸೆಗಳಿಗೆ ಹಣ ಕೊಟ್ಟಿತು. 2010ರ ವಾಜಪೇಯಿ ಆರೋಗ್ಯಶ್ರೀ ಬಡತನ ರೇಖೆಗಿಂತ ಕೆಳಗಿನವರ ಹೃದಯ, ಕ್ಯಾನ್ಸರ್, ಮೂತ್ರಪಿಂಡದಂಥ ದೊಡ್ಡ ಚಿಕಿತ್ಸೆಗೆ ನಿಂತಿತು. 2018ರ ಮಾರ್ಚ್‌ನಲ್ಲಿ ಆರೋಗ್ಯ ಕರ್ನಾಟಕ, ಅದೇ ವರ್ಷ ಕೇಂದ್ರದ ಯೋಜನೆಯೊಂದಿಗೆ ಬೆಸೆದು ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ: ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಯ ರಕ್ಷಣೆ, ಉಳಿದವರಿಗೆ ಪ್ಯಾಕೇಜ್ ದರದ ಶೇ. 30. ಎಲ್ಲದರ ತಳಪಾಯ ಒಂದೇ. ರೋಗಿ ದಾಖಲಾಗಬೇಕು, ಏನಾದರೊಂದು ಮಾಡಬೇಕು, ಮಾಡಿದ್ದಕ್ಕೆ ದರ.

ಯಶಸ್ಸಿನ ಅಳತೆಗೋಲೂ ಇದಕ್ಕೆ ಹೊಂದಿಕೊಂಡೇ ಬಂತು. ಆರೋಗ್ಯಶ್ರೀ ಬಗ್ಗೆ 2014ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬಂದ ಅಧ್ಯಯನ, ಯೋಜನೆ ತಲುಪಿದ ಮತ್ತು ತಲುಪದ ಹಳ್ಳಿಗಳನ್ನು ಹೋಲಿಸಿ, ಯೋಜನೆಯಡಿ ಬರುವ ಕಾಯಿಲೆಗಳಿಂದ ಬಡವರಲ್ಲಾಗುವ ಸಾವು ತಲುಪಿದ ಕಡೆ ಶೇ. 64ರಷ್ಟು ಕಡಿಮೆಯೆಂದು ಕಂಡಿತು. ಒಳ್ಳೆಯ ಅಧ್ಯಯನ, ಒಳ್ಳೆಯ ಫಲಿತಾಂಶ. ತಪ್ಪಿದ ಸಾವುಗಳನ್ನು ಎಣಿಸುವ ಈ ಗೋಲಿಗೆ ತಪ್ಪದ ಸಾವು ಹೇಗಾಯಿತೆಂಬುದು ಮಾತ್ರ ಕಾಣದು. ನೋವಿಲ್ಲದೆ ಕಳೆದ ಅರವತ್ತು ದಿನಗಳು ಯಾವ ಕೋಷ್ಟಕದಲ್ಲೂ ಲಾಭವಾಗಿ ಬರುವುದಿಲ್ಲ.

ಹಾಗೆಂದು ಸರ್ಕಾರದ ಕಾಗದದಲ್ಲಿ ಇಂಥ ನೋವು ತಗ್ಗಿಸುವ, ಉಪಶಾಮಕ ಆರೈಕೆಗೆ ಜಾಗವೇ ಇಲ್ಲವೆನ್ನಲಾಗದು. ರಾಷ್ಟ್ರೀಯ ಕಾರ್ಯಕ್ರಮ 2012ರಲ್ಲೇ ರೂಪುಗೊಂಡಿತು. ಇಂದು ಆಯುಷ್ಮಾನ್ ಆರೋಗ್ಯ ಮಂದಿರವೆನಿಸಿಕೊಂಡ ಉಪಕೇಂದ್ರಗಳು ಕೊಡಬೇಕಾದ 12 ಬಗೆಯ ಸೇವೆಗಳಲ್ಲಿ ವೃದ್ಧರ ಹಾಗೂ ಉಪಶಾಮಕ ಆರೈಕೆಯೂ ಒಂದು. ಕರ್ನಾಟಕ ಸರ್ಕಾರ 2025ರ ಜನವರಿ 30ರ ಸುತ್ತೋಲೆಯಲ್ಲಿ, ಸುಪ್ರೀಂ ಕೋರ್ಟಿನ 2018 ಮತ್ತು 2023ರ ಆದೇಶಗಳನ್ನು ಅನುಸರಿಸಿ, ಜೀವರಕ್ಷಕ ಚಿಕಿತ್ಸೆ ಹಿಂಪಡೆಯುವುದನ್ನು ತೀರ್ಮಾನಿಸಲು ಎರಡು ಹಂತದ ವೈದ್ಯರ ಮಂಡಳಿಗಳನ್ನೂ ಗೊತ್ತುಮಾಡಿತು. ಘನತೆಯ ಸಾವಿನ ಹಕ್ಕಿನ ದೃಷ್ಟಿಯಿಂದ ಅದು ದೊಡ್ಡ ಹೆಜ್ಜೆಯೇ. ಆದರೆ ಹನೂರಿನ ಮಾರ್ಟಳ್ಳಿಯ ಹೆಂಚಿನ ಮನೆಯಲ್ಲಿ ಹಿಂಪಡೆಯುವುದಕ್ಕೆ ವೆಂಟಿಲೇಟರ್ ಎಲ್ಲಿದೆ? ಅಲ್ಲಿ ಘನತೆಯ ಪ್ರಶ್ನೆ ಬಾಯಿಯ ಹುಣ್ಣಿನ ವಾಸನೆಯಿಂದ ಶುರುವಾಗುತ್ತದೆ.

ಈ ವಾಸನೆಯ ವಿಷಯವನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಹೊಗೆಸೊಪ್ಪು, ಎಲೆಅಡಿಕೆಯ ರೂಢಿ ಬಲವಾಗಿರುವ ಕಡೆ ಬಾಯಿ, ಗಂಟಲ ಕ್ಯಾನ್ಸರ್ ಅಪರೂಪವಲ್ಲ. ಕೊನೆಯ ಹಂತದಲ್ಲಿ ಕೆನ್ನೆ ತೂತುಬಿದ್ದು ಹುಣ್ಣು ಕೊಳೆತು ನಾರುತ್ತದೆ. ಮೊಮ್ಮಕ್ಕಳು ಹತ್ತಿರ ಸುಳಿಯುವುದಿಲ್ಲ, ಊಟದ ತಟ್ಟೆಯನ್ನು ದೂರದಿಂದ ತಳ್ಳುತ್ತಾರೆ, ಮಂಚ ಜಗಲಿಗೆ ಬರುತ್ತದೆ. ಮೆಟ್ರೊನಿಡಜೋಲ್ ಮಾತ್ರೆಯನ್ನು ನುಣ್ಣಗೆ ಪುಡಿ ಮಾಡಿ, ತೊಳೆದ ಹುಣ್ಣಿನ ಮೇಲೆ ಉದುರಿಸಿ ಪಟ್ಟಿ ಕಟ್ಟಿದರೆ ಕೆಲವೇ ದಿನಗಳಲ್ಲಿ ವಾಸನೆ ಇಳಿಯುತ್ತದೆ. ಯಾವುದೇ ಪ್ರಾಥಮಿಕ ಆರೋಗ್ಯ ಕೇಂದ್ರದ ಕಪಾಟಿನಲ್ಲಿ ಸಿಗುವ ಅಗ್ಗದ ಮಾತ್ರೆ ಅದು. ಮಂಚ ಮತ್ತೆ ಒಳಗೆ ಬರುತ್ತದೆ. ಇದನ್ನು ಮನೆಯವರಿಗೆ ಕಲಿಸಿಕೊಡಲು ಒಬ್ಬ ನರ್ಸ್ ಎರಡು ಸಲ ಆ ಮನೆಗೆ ಹೋಗಬೇಕು. ಆ ಎರಡು ಭೇಟಿಗೆ ಹಣ ಕೊಡುವ ಬಾಬತ್ತು ವಿಮೆಯಲ್ಲಿಲ್ಲ.

ಮಾರ್ಫೀನಿನ ಕಥೆ ಇಷ್ಟು ಸರಳವಲ್ಲ. 1985ರ ಮಾದಕವಸ್ತು ಕಾಯ್ದೆ ಅದನ್ನು ಲೈಸೆನ್ಸುಗಳ ಜಾಲದೊಳಗೆ ಸಿಕ್ಕಿಸಿತು. 2014ರ ತಿದ್ದುಪಡಿ ಅದನ್ನು 'ಅತ್ಯಗತ್ಯ ಮಾದಕ ಔಷಧ'ಗಳ ಸಾಲಿಗೆ ಸೇರಿಸಿ, ಮಾನ್ಯತೆ ಪಡೆದ ವೈದ್ಯಕೀಯ ಸಂಸ್ಥೆ ಒಂದೇ ಅನುಮತಿಯಲ್ಲಿ ಇಟ್ಟು ಕೊಡಬಹುದೆಂದಿತು. ನೋವು ಶಮನದ ತರಬೇತಿ ಪಡೆದ ವೈದ್ಯರು ಇರಬೇಕು, ದಾಸ್ತಾನಿನ ಲೆಕ್ಕ ಇಡಬೇಕು. ಬಾಯಿಂದ ನುಂಗುವ 10 ಮಿಲಿಗ್ರಾಂ ಮಾತ್ರೆ, ನಾಲ್ಕು ಗಂಟೆಗೊಮ್ಮೆ, ಜೊತೆಗೆ ತಪ್ಪದೆ ಮಲ ಸಡಿಲಿಸುವ ಔಷಧ: ಇದರಲ್ಲಿ ತಾಲ್ಲೂಕು ವೈದ್ಯರು ಕಲಿಯಲಾಗದಂಥದ್ದೇನೂ ಇಲ್ಲ. ಮೂರು ತಾಲ್ಲೂಕಿಗೆ ಮೂರು ಕಡೆ, ಅಂದರೆ ಕೊಳ್ಳೇಗಾಲ, ಹನೂರು ಮತ್ತು ಯಳಂದೂರಿನ ಸರ್ಕಾರಿ ಆಸ್ಪತ್ರೆಗಳಲ್ಲಿ, ಅದು ವರ್ಷವಿಡೀ ಸಿಗುವಂತಾದರೆ ಮಾತ್ರೆಗಾಗಿ ಮೈಸೂರಿನ ಬಸ್ ಹತ್ತುವುದು ನಿಲ್ಲುತ್ತದೆ. ನೋವಿನ ಔಷಧ ಕ್ಯಾನ್ಸರಿಗಷ್ಟೇ ಬೇಕಾದದ್ದೂ ಅಲ್ಲ. ಇಲ್ಲಿನ ಕಾಡಿನ ಬುಡಕಟ್ಟಾದ ಸೋಲಿಗರಲ್ಲಿ ಕಂಡುಬರುವ ಕುಡಗೋಲು ಕಣ ರಕ್ತಹೀನತೆಯ ನೋವು ಕಂಡವರು ಈ ಮಾತನ್ನು ಒಪ್ಪುತ್ತಾರೆ.

ಹಾಸ್ಪಿಸ್ ಎಂದೊಡನೆ ಎಲ್ಲರ ಕಣ್ಣ ಮುಂದೆ ಬರುವುದು ತೋಟದ ನಡುವಿನ ಶಾಂತ ಕಟ್ಟಡ. ಸಿಸಿಲಿ ಸಾಂಡರ್ಸ್ 1967ರಲ್ಲಿ ಲಂಡನ್ನಿನಲ್ಲಿ ತೆರೆದ ಸೇಂಟ್ ಕ್ರಿಸ್ಟೋಫರ್ಸ್‌ನಿಂದ ಈ ಕಲ್ಪನೆ ಹಬ್ಬಿತು. ಮುಂಬೈಯ ಶಾಂತಿ ಅವೇದನಾ 1986ರಲ್ಲಿ ಬಂತು; ಬೆಂಗಳೂರಿನ ಕರುಣಾಶ್ರಯ 1994ರಲ್ಲಿ ಟ್ರಸ್ಟ್ ಆಗಿ ಹುಟ್ಟಿ 1999ರಿಂದ ಕ್ಯಾನ್ಸರ್ ರೋಗಿಗಳನ್ನು ಬಿಡಿಗಾಸೂ ಪಡೆಯದೆ ನೋಡಿಕೊಳ್ಳುತ್ತಿದೆ. ಅದರ ಬಗ್ಗೆ ಗೌರವವಿಟ್ಟುಕೊಂಡೇ ಹೇಳಬೇಕಾದದ್ದು: ಅಂಥದ್ದೊಂದು ಕೊಳ್ಳೇಗಾಲದಲ್ಲಿ ಎದ್ದರೂ ಸೋಲಿಗರ ಹಾಡಿಯಾದ ಪೋಡಿನ ಮುದುಕಿಯೊಬ್ಬಳು ಅಲ್ಲಿ ಹೋಗಿ ಸಾಯಲು ಒಪ್ಪುವುದು ಕಷ್ಟ. ಜಿಲ್ಲೆಯ ಅರ್ಧದಷ್ಟು ನೆಲ ಕಾಡು, ಜನ ಚದುರಿ ಕೂತಿದ್ದಾರೆ. ಆರೈಕೆಯೇ ನಡೆದು ಹೋಗಬೇಕು. ಕಟ್ಟಡದಿಂದ ನಮಗೆ ಬೇಕಾದದ್ದು ಒಂದೇ. ನೋಡಿಕೊಳ್ಳುವವರು ಬಸವಳಿದಾಗ ರೋಗಿಯನ್ನು ನಾಲ್ಕೈದು ದಿನ ಇಟ್ಟುಕೊಳ್ಳುವ ಒಂದೆರಡು ಹಾಸಿಗೆ. ಅಮೆರಿಕದ ಸರ್ಕಾರಿ ವಿಮೆ ಮೆಡಿಕೇರ್ ತನ್ನ ಹಾಸ್ಪಿಸ್ ಸೌಲಭ್ಯದಲ್ಲಿ ಒಮ್ಮೆಗೆ ಐದು ದಿನದವರೆಗೆ ಇಂಥ ಬಿಡುವಿಗೆ ಹಣ ಕೊಡುತ್ತದೆ.

1982ರಲ್ಲಿ ಕಾನೂನಾಗಿ ಬಂದ ಆ ಸೌಲಭ್ಯದಿಂದ ಕಲಿಯಬೇಕಾದ ಮುಖ್ಯ ಪಾಠ ಹಣ ಕೊಡುವ ರೀತಿಯದು. ಅಲ್ಲಿ ಮಾಡಿದ ಕ್ರಿಯೆಗಲ್ಲ, ಆರೈಕೆಯ ದಿನಕ್ಕೆ ದರ, ಮತ್ತು ಆ ದಿನಗಳಲ್ಲಿ ಹೆಚ್ಚಿನವು ಮನೆಯಲ್ಲೇ ಕಳೆಯುವಂಥವು. ಕಲಿಯಬಾರದ ಪಾಠವೂ ಉಂಟು. ರೋಗಿಗೆ ಆರು ತಿಂಗಳು ಅಥವಾ ಅದಕ್ಕೂ ಕಡಿಮೆ ಆಯುಷ್ಯವೆಂದು ವೈದ್ಯರು ಬರೆದುಕೊಡಬೇಕು, ಆ ಕಾಯಿಲೆಯನ್ನು ಗುಣಪಡಿಸುವ ಚಿಕಿತ್ಸೆಯನ್ನು ರೋಗಿ ಬಿಡಬೇಕು. ನಮ್ಮ ಮನೆಗಳಲ್ಲಿ "ಇವರಿಗೆ ಇಷ್ಟೇ ತಿಂಗಳು" ಎಂಬ ಕಾಗದಕ್ಕೆ ಸಹಿ ಮಾಡಿಸುವುದು ಬಾಯಿಂದ ಬಾರದ ಮಾತನ್ನು ಬಾಯಿಬಿಡಿಸಿದಂತೆ. ಇಲ್ಲಿ ಅರ್ಹತೆಗೆ ರೋಗಿಯ ಈಗಿನ ಸ್ಥಿತಿಯೇ ಸಾಕು: ಹಾಸಿಗೆ ಹಿಡಿದಿದ್ದಾರೆಯೇ, ನೋವಿಗೆ ಮಾರ್ಫೀನ್ ಬೇಕಾಗಿದೆಯೇ, ಹುಣ್ಣಿದೆಯೇ.

ಕೇರಳದ ಉದಾಹರಣೆಯನ್ನು ಬಿಟ್ಟು ಈ ಚರ್ಚೆ ಮುಂದೆ ಹೋಗದು. 1993ರಲ್ಲಿ ಕೋಯಿಕ್ಕೋಡಿನಲ್ಲಿ ಶುರುವಾದ ಉಪಶಾಮಕ ಆರೈಕೆಯ ಕೆಲಸ ನೆರೆಹೊರೆಯ ಸ್ವಯಂಸೇವಕರ ಜಾಲವಾಗಿ, 2008ರಲ್ಲಿ ರಾಜ್ಯದ ನೀತಿಯಾಗಿ, ಪಂಚಾಯಿತಿ ಹಣದಲ್ಲಿ ಮನೆಗೆ ಹೋಗುವ ನರ್ಸ್ ಆಗಿ ಬೆಳೆಯಿತು. ಅದನ್ನು ಹಾಗೆಯೇ ಎತ್ತಿ ತಂದು ಹನೂರಿನಲ್ಲಿ ನೆಡಲಾಗದು. ಅಲ್ಲಿನ ಗ್ರಾಮ ಪಂಚಾಯಿತಿ ನಮ್ಮದಕ್ಕಿಂತ ಹಲವು ಪಟ್ಟು ದೊಡ್ಡದು, ಕೈಯಲ್ಲಿ ಹೆಚ್ಚು ಹಣವಿರುವಂಥದ್ದು. ಇಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರವನ್ನೇ ಘಟಕವಾಗಿ ಹಿಡಿಯುವುದು ಲೇಸು.

ನಮ್ಮ ನೆರೆಯ ಪ್ರಯೋಗಕ್ಕೆ ಬರುತ್ತೇನೆ. ಡಾ. ಎಚ್. ಸುದರ್ಶನ್ 1981ರಲ್ಲಿ ಬಿಳಿಗಿರಿರಂಗನ ಬೆಟ್ಟದಲ್ಲಿ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ ಕಟ್ಟಿದರು. 1986ರಲ್ಲಿ ಯಳಂದೂರಿನಲ್ಲಿ ಕುಷ್ಠರೋಗದ ಕೆಲಸದಿಂದ ಶುರುವಾದ ಕರುಣಾ ಟ್ರಸ್ಟ್ 1996ರಲ್ಲಿ ಗುಂಬಳ್ಳಿಯ ಸರ್ಕಾರಿ ಆರೋಗ್ಯ ಕೇಂದ್ರವನ್ನು ನಡೆಸಲು ವಹಿಸಿಕೊಂಡಿತು. ಅದೇ ಟ್ರಸ್ಟ್ 2002ರಲ್ಲಿ ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮದ ನೆರವಿನಿಂದ, ನ್ಯಾಷನಲ್ ಇನ್ಶೂರೆನ್ಸ್ ಕಂಪನಿಯ ಜೊತೆಗೂಡಿ, ಕೊಳ್ಳೇಗಾಲಕ್ಕೆ ತಾಗಿದ ತಿರುಮಕೂಡಲು ನರಸೀಪುರ ತಾಲ್ಲೂಕಿನಲ್ಲಿ ಮತ್ತು ಬೆಳಗಾವಿಯ ಬೈಲಹೊಂಗಲದಲ್ಲಿ ಸಮುದಾಯ ಆರೋಗ್ಯ ವಿಮೆ ಆರಂಭಿಸಿತು. ಸರ್ಕಾರಿ ಆಸ್ಪತ್ರೆಯಲ್ಲಿ ದಾಖಲಾದ ಬಡರೋಗಿಗೆ ದಿನಕ್ಕೆ 50 ರೂಪಾಯಿ ಔಷಧಕ್ಕೆ, ಇನ್ನೊಂದು 50 ರೂಪಾಯಿ ಕಳೆದುಹೋದ ಕೂಲಿಗೆ. ಚಿಕಿತ್ಸೆ ಉಚಿತವಾದರೂ ಕೂಲಿ ತಪ್ಪುವ ಭಯದಿಂದ ಜನ ಆಸ್ಪತ್ರೆಗೆ ಬರುತ್ತಿಲ್ಲವೆಂಬ ಒಳನೋಟ ಅದರಲ್ಲಿತ್ತು. ನಂತರ ಬಂದ ದೊಡ್ಡ ಯೋಜನೆಗಳು ಲಕ್ಷಗಳಲ್ಲಿ ಮಾತಾಡಿದವು, ಕೂಲಿಯನ್ನು ಮರೆತವು.

ಕೊನೆಗಾಲದಲ್ಲಿ ಆ ಒಳನೋಟವನ್ನು ಒಂದು ಹೆಜ್ಜೆ ಸರಿಸಬೇಕು. ಇಲ್ಲಿ ಕಳೆದುಹೋಗುವ ಕೂಲಿ ರೋಗಿಯದಲ್ಲ. ಅದು ಎಷ್ಟೋ ತಿಂಗಳ ಹಿಂದೆಯೇ ಹೋಗಿದೆ. ಈಗ ಹೋಗುತ್ತಿರುವುದು ಸೊಸೆಯದು, ಮಗಳದು. 2024-25ರಲ್ಲಿ ಕರ್ನಾಟಕದ ನರೇಗಾ ಕೂಲಿ ದಿನಕ್ಕೆ 349 ರೂಪಾಯಿ ಇತ್ತು. ಅದನ್ನೇ ಅಳತೆಯಾಗಿಟ್ಟು 90 ದಿನ ಕೊಟ್ಟರೆ ಒಂದು ಕುಟುಂಬಕ್ಕೆ 31,410 ರೂಪಾಯಿ, 5 ಲಕ್ಷದ ಮಿತಿಯಲ್ಲಿ ಶೇ. 6ಕ್ಕೆ ತುಸು ಮೇಲೆ. ರಾಜ್ಯದ ಸಾವಿನ ಪ್ರಮಾಣ ವರ್ಷಕ್ಕೆ ಸಾವಿರಕ್ಕೆ 6ರಿಂದ 7. ಅವರಲ್ಲಿ ಅರ್ಧದಷ್ಟು ಜನಕ್ಕೆ ದೀರ್ಘ ಆರೈಕೆ ಬೇಕೆಂದು ಊಹಿಸಿದರೆ ಲಕ್ಷ ಜನಸಂಖ್ಯೆಗೆ 300ಕ್ಕೂ ಹೆಚ್ಚು ಕುಟುಂಬ. 300 ಎಂದೇ ಹಿಡಿದು, ಎಲ್ಲರಿಗೂ ಪೂರ್ತಿ 90 ದಿನ ಕೊಟ್ಟರೂ ಮೊತ್ತ 94 ಲಕ್ಷ, ತಲೆಗೆ ವರ್ಷಕ್ಕೆ 94 ರೂಪಾಯಿ. ನರ್ಸಿನ ಭೇಟಿ, ಔಷಧದ ಖರ್ಚು ಇದರ ಮೇಲೆ. ಹಣ ರಾಜ್ಯದ ಆರೋಗ್ಯ ವಿಮೆ ನಡೆಸುವ ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟಿನಿಂದ, ಹೆಸರು ನೋಂದಣಿ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ, ವಾರಕ್ಕೊಮ್ಮೆ ಆಶಾ ಕಾರ್ಯಕರ್ತೆಯ ಭೇಟಿಯೇ ಹಾಜರಿ. ಸೋಲಿಗರ ಪೋಡುಗಳಲ್ಲಿ ಈ ಕೆಲಸಕ್ಕೆ ಗಿರಿಜನ ಕಲ್ಯಾಣ ಕೇಂದ್ರ ತರಬೇತಿ ಕೊಟ್ಟ ಸೋಲಿಗ ನರ್ಸುಗಳಿಗಿಂತ ಸಮರ್ಥರು ಸಿಗಲಾರರು.

"ಹೆತ್ತ ತಾಯಿಯನ್ನು ನೋಡಿಕೊಳ್ಳಲು ಸರ್ಕಾರ ಕೂಲಿ ಕೊಡಬೇಕೇ?" ಎಂಬ ಆಕ್ಷೇಪ ಬಂದೇ ಬರುತ್ತದೆ, ಹೆಚ್ಚಾಗಿ ಕೂಲಿಗೆ ಹೋಗದವರಿಂದ. ಸಂಬಳದ ರಜೆ ಇರುವ ನೌಕರ ತಾಯಿಯ ಪಕ್ಕ ಕೂತಾಗ ಅದನ್ನು ಯಾರೂ ಕೂಲಿ ಎನ್ನುವುದಿಲ್ಲ. ಸುಳ್ಳು ನೋಂದಣಿಯ ಭಯ ಇದಕ್ಕಿಂತ ಗಟ್ಟಿಯಾದ ಆಕ್ಷೇಪ. ಅಮೆರಿಕದಲ್ಲಿ ದಿನದರದ ಆಸೆಗೆ ಲಾಭಕೋರ ಸಂಸ್ಥೆಗಳು ದೀರ್ಘಕಾಲ ಬದುಕುವ ರೋಗಿಗಳನ್ನೇ ಆಯ್ದುಕೊಂಡ ಅನುಭವವಿದೆ. ಇಲ್ಲಿ ಹಣ ಖಾಸಗಿ ಸಂಸ್ಥೆಗೆ ಹೋಗದೆ ಆರೈಕೆ ಮಾಡುವವರ ಖಾತೆಗೇ ಹೋಗುವುದರಿಂದ, ಜೊತೆಗೆ 90 ದಿನದ ಬಳಿಕ ವೈದ್ಯರ ಮರುಪರೀಕ್ಷೆಯನ್ನೂ ಇಟ್ಟರೆ ಆ ಅಪಾಯ ಕಡಿಮೆ, ಇಲ್ಲವೇ ಇಲ್ಲವೆಂದಲ್ಲ.

ಉಳಿದದ್ದು ಎಣಿಕೆಯ ಕೆಲಸ. ಉಪಶಾಮಕ ಆರೈಕೆ ಬೇಕಾದವರಲ್ಲಿ ಅದು ಸಿಗುವುದು ಶೇ. 14ರಷ್ಟು ಜನಕ್ಕೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಜಾಗತಿಕ ಅಂದಾಜು ಹೇಳುತ್ತದೆ. ತಾಲ್ಲೂಕಿನ ಲೆಕ್ಕಕ್ಕೆ ಅಂಥ ಅಂದಾಜು ಸಾಲದು. ಮನೆಯಲ್ಲಾದ ಸಾವು ನೋಂದಣಿಯಾದರೂ ಅದರ ಕಾರಣವನ್ನು ವೈದ್ಯರು ಬರೆಯುವುದು ಅಪರೂಪ. ಕೊನೆಯ ತಿಂಗಳು ನೋವಿತ್ತೇ, ಮಾತ್ರೆ ಸಿಕ್ಕಿತೇ, ನೋಡಿಕೊಂಡವರು ಯಾರು, ಎಷ್ಟು ದಿನದ ಕೂಲಿ ತಪ್ಪಿತು ಎಂಬ ಪ್ರಶ್ನೆಗಳು ಯಾವ ನಮೂನೆಯಲ್ಲೂ ಇಲ್ಲ. ಈ ನಾಲ್ಕು ಪ್ರಶ್ನೆಗಳನ್ನು ಆಶಾ ಕಾರ್ಯಕರ್ತೆಯರ ವಹಿಗೆ ಸೇರಿಸಲು ಹೊಸ ಕಾನೂನು ಬೇಕಿಲ್ಲ. ಯಳಂದೂರು ತಾಲ್ಲೂಕು ಜಿಲ್ಲೆಯಲ್ಲೇ ಚಿಕ್ಕದು, ಗುಂಬಳ್ಳಿಯಲ್ಲಿ ಹೊಸತನ್ನು ಮಾಡಿನೋಡಿದ ಅನುಭವವಿದೆ. ಒಂದು ವರ್ಷದ ಎಣಿಕೆ ಅಲ್ಲಿಂದ ಶುರುವಾಗಲಿ, ಎರಡನೆಯ ವರ್ಷ ಹನೂರಿನ ಕಾಡಂಚಿಗೆ ಹೋಗಲಿ. 94 ರೂಪಾಯಿ ಎಂಬ ನನ್ನ ಅಂಕಿಯನ್ನು ತಿದ್ದಬೇಕಾದದ್ದು ಆ ವಹಿಗಳೇ.